ಕೆಳಗಿನ ಪದರ

ಆ ನೋವಿಗೆ ಒಂದು ಹೆಸರಾದರೂ ಇದ್ದಿದ್ದರೆ ಅವಳು ಅದನ್ನು ಬೈದಾದರೂ ಹಗುರಾಗುತ್ತಿದ್ದಳು. ಹೊಕ್ಕುಳಿನ ಬಲಕ್ಕೆ, ಸ್ವಲ್ಪ ಕೆಳಗೆ, ಒಂದು ಅಂಗೈಯಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ ಅದು ಬಿಡಾರ ಹೂಡಿತ್ತು. ಉಂಡರೆ ಬರುತ್ತದೆ ಎಂದುಕೊಂಡು ಉಣ್ಣದೆ ಕೂತರೆ, ಉಣ್ಣದಿದ್ದುದಕ್ಕೇ ಸಿಟ್ಟು ಮಾಡಿಕೊಂಡ ಹಾಗೆ ಬರುತ್ತಿತ್ತು. ನಿಂತು ದುಡಿಯುವುದರಿಂದ ಇರಬಹುದು ಎಂದು ರಜೆ ಹಾಕಿ ಮಲಗಿದರೆ ಮಗ್ಗುಲಲ್ಲೇ ಬಂದು ಮಲಗುತ್ತಿತ್ತು. ಕೆಲವು ದಿನ ಸುಳಿವೇ ಇಲ್ಲ. ಆಗ ಅವಳಿಗೆ, ಮನೆಗೆ ಬಂದ ನೆಂಟ ಹೇಳದೆ ಕೇಳದೆ ಎದ್ದು ಹೋದನೇ ಅಥವಾ ಹಿತ್ತಲಲ್ಲಿ ಎಲ್ಲಾದರೂ ಕೂತಿದ್ದಾನೆಯೇ ಎಂದು ನೋಡುವವರ ಹಾಗೆ, ಹೊಟ್ಟೆಯನ್ನೇ ಒತ್ತಿ ಒತ್ತಿ ನೋಡಿಕೊಳ್ಳುವ ಚಾಳಿ.

ಡಾಕ್ಟರುಗಳು ರಕ್ತ ನೋಡಿದರು, ಮೂತ್ರ ನೋಡಿದರು. ಹೊಟ್ಟೆಗೆ ತಣ್ಣನೆಯ ಅಂಟು ಬಳಿದು ಪರದೆಯ ಮೇಲೆ ಒಳಗನ್ನೆಲ್ಲ ನೋಡಿದರು. ಗಂಟಲಿನಿಂದ ಕೊಳವೆ ಇಳಿಸಿಯೂ ನೋಡಿದರು. ಮೊದಲನೆಯವರು ಗ್ಯಾಸು ಎಂದರು, ಎರಡನೆಯವರು ಗ್ಯಾಸಲ್ಲ ಎಂದರು, ಮೂರನೆಯವರು ಮನೆಯಲ್ಲಿ ಏನಾದರೂ ತಾಪತ್ರಯವೇ ಎಂದು ಕೇಳಿದರು. ಎಲ್ಲರೂ ಕೊನೆಗೆ ಹೇಳಿದ ಮಾತು ಒಂದೇ: "ಎಲ್ಲಾ ನಾರ್ಮಲ್."

ಆ ಮಾತು ಕೇಳಿದಾಗಲೆಲ್ಲ ಗಂಡನ ಮುಖ ಅರಳುತ್ತಿತ್ತು. ಅವಳ ಮುಖ ಅರಳುತ್ತಿರಲಿಲ್ಲ. ಒಳ್ಳೆಯ ಸುದ್ದಿ ಕೇಳಿ ಸಂತೋಷಪಡದ ತಾನೆಂಥ ಹೆಂಗಸು ಎಂದು ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

"ಗುಡ್ಡ ಅಗೆದು ಇಲಿ ಹಿಡಿದ್ರು ಅಂತಾರೆ," ಎಂದರು ಮನೆಯಲ್ಲಿ ಅತ್ತೆ. "ಇವ್ರಿಗೆ ಇಲೀನೂ ಸಿಗ್ಲಿಲ್ಲ. ಏನೋ ನೀನು, ಊರವರ ಬೀಗ ಎಲ್ಲಾ ತೆಗೀತೀಯ, ಹೆಂಡತಿ ಹೊಟ್ಟೆ ಬೀಗ ತೆಗೆಯೋಕಾಗಲ್ವಾ?"

ಅವರ ಮಗ ಬೀಗ ರಿಪೇರಿ ಮಾಡುವವನು. ಬೀದಿಯ ತಿರುವಿನಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ ಅವನದು. "ಬೀಗ ಆಗಿದ್ರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೈಗೆ ಗೊತ್ತಾಗುತ್ತೆ ಅಮ್ಮಾ," ಎಂದು ನಗುತ್ತಲೇ ಹೇಳಿ, ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ. ಬರಿಯ ಚೀಲ ಸುಡುತ್ತದೆಂದು ಅವಳು ಎಂದೋ ಒಮ್ಮೆ ಹೇಳಿದ್ದಳು. ಅಂದಿನಿಂದ ಅವನು ಟವೆಲು ಮರೆತದ್ದಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಏನೂ ಅಲ್ಲ, ಎರಡು ಉದ್ದನೆಯ ಕೋಣೆಗಳು. ಒಂದರಲ್ಲಿ ಹೊಲಿಗೆ ಯಂತ್ರಗಳ ಸಾಲು, ಇನ್ನೊಂದರಲ್ಲಿ ಬಟ್ಟೆ ಕತ್ತರಿಸುವ ಮೇಜು. ಆ ಮೇಜು ಇವಳ ರಾಜ್ಯ. ಥಾನುಗಟ್ಟಲೆ ಬಟ್ಟೆಯನ್ನು ಅದರ ಮೇಲೆ ಒಂದರ ಮೇಲೊಂದು ಹಾಸಿ, ಸುಕ್ಕು ತೆಗೆದು, ಅಂಚಿಗೆ ಕಬ್ಬಿಣದ ತುಂಡುಗಳನ್ನು ಭಾರವಿಟ್ಟು, ಎಲ್ಲಕ್ಕಿಂತ ಮೇಲಿನ ಪದರದ ಮೇಲೆ ರಟ್ಟಿನ ಅಚ್ಚಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಆಮೇಲೆ ಉದ್ದನೆಯ ಅಲಗಿನ ಕಟಿಂಗ್ ಮೆಷಿನ್ನನ್ನು ಆ ಗೆರೆಯ ಮೇಲೆ ನಡೆಸುತ್ತ ಹೋದರೆ, ಎಲ್ಲ ಪದರಗಳನ್ನೂ ಅದು ಒಟ್ಟಿಗೆ ಕತ್ತರಿಸುತ್ತದೆ. ಮೇಲೆ ಒಂದು ತೋಳು ಬಿಡಿಸಿದರೆ ಕೆಳಗೆ ಒಂದು ತರಗತಿಯ ಮಕ್ಕಳಿಗಾಗುವಷ್ಟು ತೋಳುಗಳು. ಇವಳ ಗೆರೆ ಎಷ್ಟು ನೇರ ಎಂದರೆ, ಯಾರೋ ತಮಾಷೆಗೆ 'ಗೆರೆಯಕ್ಕ' ಎಂದು ಕರೆದದ್ದು ಅಂಟಿಕೊಂಡು, ಯಜಮಾನರೂ ಅದೇ ಹೆಸರಿನಿಂದ ಕೂಗುತ್ತಿದ್ದರು.

ನೋವು ಬಂದಾಗಲೂ ಅವಳು ಮೇಜು ಬಿಟ್ಟು ಹೋದವಳಲ್ಲ. ಎಡಗೈಯನ್ನು ಮೇಜಿಗೆ ಊರಿ, ಸ್ವಲ್ಪ ವಾಲಿ, ಹಲ್ಲು ಕಚ್ಚಿ, ಗೆರೆಯ ಮೇಲೆ ಕಣ್ಣು ನೆಟ್ಟು ಮೆಷಿನ್ನು ನಡೆಸುತ್ತಿದ್ದಳು. ಗೆರೆ ಮುಗಿದ ಮೇಲೆ ಮೇಲಿನ ತುಂಡನ್ನು ಎತ್ತಿ ಅಚ್ಚಿನ ಮೇಲಿಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೆಲಸ ಕಲಿತ ಕಾಲದಲ್ಲಿ ಕೆಳಗಿನ ತುಂಡನ್ನೂ ಎತ್ತಿ ನೋಡಬೇಕೆಂದು ಹೇಳಿಕೊಟ್ಟಿದ್ದರು. ಈಚೆಗೆ ಅದನ್ನು ಬಿಟ್ಟಿದ್ದಳು. ಇಷ್ಟು ವರ್ಷ ತಪ್ಪದ ಕೈ ಇನ್ನು ತಪ್ಪುತ್ತದೆಯೇ?

ಹೊಲಿಗೆ ಕೋಣೆಯವರು ಬಹಳ ಒಳ್ಳೆಯವರು. ಅಲ್ಲಿ ಎಲ್ಲರಿಗೂ ಹಿರಿಯಳು ಕಾಜಮ್ಮ. ಅಂಗಿಗಳ ಗುಂಡಿಮನೆ, ಅಂದರೆ ಕಾಜಾ, ಹಾಕಿ ಹಾಕಿಯೇ ಬಂದ ಹೆಸರದು. ಒಂದು ದಿನ ಗೆರೆಯಕ್ಕ ಮೇಜಿಗೆ ಬಂದಾಗ, ಅವಳು ವಾಲಿ ನಿಲ್ಲುವ ಕಡೆಯ ಅಂಚಿಗೆ ಯಾರೋ ಹಳೆಯ ಬಟ್ಟೆಯನ್ನು ದಪ್ಪಗೆ ಮಡಿಸಿ ಕಟ್ಟಿದ್ದರು. ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕಾಜಮ್ಮ ಮಾತ್ರ ಸೂಜಿಗೆ ದಾರ ಪೋಣಿಸುತ್ತ, "ಮೇಜಿಗೆ ನೋವಾಗ್ಬಾರ್ದು ಅಂತ ಕಟ್ಟಿದಾರೇನೋ, ನೀನು ಒರಗೋ ಒರಗಾಟಕ್ಕೆ," ಎಂದಳು.

ನಾಲ್ಕನೆಯ ಡಾಕ್ಟರು ಒಬ್ಬ ಹೆಂಗಸು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಆದರೆ ಅವಸರವಿಲ್ಲ. ಕೈ ತಣ್ಣಗಿದೆ ಎಂದು ಎರಡೂ ಅಂಗೈ ಉಜ್ಜಿಕೊಂಡು ಆಮೇಲೆ ಹೊಟ್ಟೆ ಮುಟ್ಟಿದರು. ಅದೊಂದಕ್ಕೇ ಗೆರೆಯಕ್ಕನಿಗೆ ಅವರ ಮೇಲೆ ವಿಶ್ವಾಸ ಬಂತು. ಎಲ್ಲ ನೋಡಿ, ಎಲ್ಲ ಕೇಳಿ, ಕೊನೆಗೆ ಅವರೆಂದರು:

"ನೋವು ಬಂದಾಗ ನಿಮಗೆ ಏನು ಮಾಡೋಕಾಗಲ್ಲಮ್ಮ? ಯಾವ ಕೆಲಸ ಕೆಡುತ್ತೆ?"

ಗೆರೆಯಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. "ಯಾವುದೂ ಕೆಟ್ಟಿಲ್ಲ ಡಾಕ್ಟ್ರೇ. ಎಷ್ಟೇ ನೋವಿದ್ರೂ ನನ್ನ ಗೆರೆ ತಪ್ಪಿಲ್ಲ. ಬೇಕಾದ್ರೆ ಇವರನ್ನ ಕೇಳಿ."

ಗಂಡ ಹೌದೆಂದು ತಲೆಯಾಡಿಸಿದ. ಡಾಕ್ಟರು ಪೆನ್ನನ್ನು ಕೆಳಗಿಟ್ಟರು.

"ನೋಡಿಮ್ಮ, ನೋವಿಲ್ಲ ಅಂತ ನಾನು ಹೇಳಲ್ಲ. ಆದ್ರೆ ತೂಕ ಇಳಿದಿಲ್ಲ, ರಕ್ತ ಸರಿಯಿದೆ, ಚಿತ್ರಗಳು ಸರಿಯಿವೆ, ಅಷ್ಟು ಸೂಕ್ಷ್ಮದ ಕೆಲಸ ಅಷ್ಟೇ ಚೆನ್ನಾಗಿ ನಡೀತಿದೆ. ಅಂದ್ರೆ ಒಳಗೆ ದೊಡ್ಡದೇನೂ ಇರಲಾರದು. ಇನ್ನೊಂದು ಸಲ ಬನ್ನಿ. ಆಗ್ಲೂ ಹೀಗೇ ಇದ್ರೆ ಹುಡುಕೋದನ್ನ ಇಲ್ಲಿಗೆ ಸಾಕು ಮಾಡೋಣ. ಸುಮ್ನೆ ಚುಚ್ಚಿಸಿಕೊಂಡು ಯಾಕೆ ಒದ್ದಾಡ್ತೀರಿ?"

ಎಷ್ಟು ಮೆತ್ತಗಿನ ಮಾತು! ತಪ್ಪು ಹುಡುಕಲು ಒಂದೂ ಎಳೆ ಸಿಗಲಿಲ್ಲ. ಮನೆಗೆ ನಡೆದು ಬರುವಾಗ ಆ ಮಾತು ಅವಳೊಳಗೆ ಮೆಲ್ಲಗೆ ಇಳಿಯಿತು. ನಿಜವೇ ಅಲ್ಲವೇ? ಕಣ್ಣು ಕತ್ತಲಿಡುವಷ್ಟು ನೋವಿದ್ದ ದಿನವೂ ತೋಳು ತೋಳಾಗಿಯೇ ಬಂದಿದೆ, ಕಾಲರು ಕಾಲರಾಗಿಯೇ ಬಂದಿದೆ. ನೋವು ನಿಜವಾಗಿದ್ದರೆ ಕೈ ನಡುಗಬೇಡವೇ? ಕೈ ನಡುಗಿಲ್ಲವೆಂದರೆ ನೋವು ಎಲ್ಲಿದೆ? ಹೊಟ್ಟೆಯಲ್ಲಿಯೋ ತಲೆಯಲ್ಲಿಯೋ? ತಲೆಯಲ್ಲಿದ್ದರೆ ಹೊಟ್ಟೆ ಏಕೆ ಹಿಡಿದುಕೊಳ್ಳುತ್ತಿದ್ದೇನೆ? ಯೋಚಿಸಿದಷ್ಟೂ ದಾರದುಂಡೆ ಗೋಜಲಾಗುತ್ತಿತ್ತು.

"ರೀ," ಎಂದಳು. "ಇದೆಲ್ಲ ನನ್ನ ಭ್ರಮೆ ಇರ್ಬಹುದಾ?"

"ಭ್ರಮೆ ಆದ್ರೆ ಒಳ್ಳೇದೇ ಅಲ್ವಾ?" ಎಂದ. ಅವಳನ್ನು ನೋಯಿಸಬೇಕೆಂದು ಹೇಳಿದ್ದಲ್ಲ. ಆದರೂ ಆ ಮಾತಿನಿಂದ ಅವಳಿಗೆ ಬಾಗಿಲ ಸಂದಿಗೆ ಬೆರಳು ಸಿಕ್ಕ ಹಾಗಾಯಿತು.

ಮನೆಯಲ್ಲಿ ಅತ್ತೆಗೆ ವಿಷಯ ತಿಳಿಯಿತು. "ಶಾಲೆ ತಪ್ಪಿಸೋ ಮಕ್ಕಳಿಗೂ ಬರೋದು ಹೊಟ್ಟೆನೋವೇ. ನೀನು ಅವ್ರ ಬಟ್ಟೆ ಕತ್ತರಿಸಿ ಕತ್ತರಿಸಿ ಅದನ್ನೂ ಅಂಟಿಸ್ಕೊಂಡ್ಯೇನೇ?" ಎಂದು ನಕ್ಕರು. ನಗುತ್ತಲೇ ಅವಳ ತಟ್ಟೆಯಿಂದ ಖಾರದ್ದನ್ನು ತೆಗೆದು ತಮ್ಮ ತಟ್ಟೆಗೆ ಹಾಕಿಕೊಂಡರು. ಬಾಯಿ ಒಂದು, ಕೈ ಇನ್ನೊಂದು. ಅತ್ತೆಯ ಸ್ವಭಾವವೇ ಹಾಗೆ.

ಅಂದಿನಿಂದ ಗೆರೆಯಕ್ಕ ಒಂದು ತೀರ್ಮಾನಕ್ಕೆ ಬಂದಳು. ಇನ್ನು ನೋವಿನ ಸುದ್ದಿ ಎತ್ತಬಾರದು. ಇಲ್ಲ ಎಂದುಕೊಂಡರೆ ಇಲ್ಲ. ಮುಂದಿನ ಸಲ ಡಾಕ್ಟರಿಗೂ, ಸಾಕು ಬಿಡಿ, ಏನೂ ಇಲ್ಲ ಎಂದು ತಾನೇ ಹೇಳಿಬಿಡಬೇಕು. ಹೀಗೆಂದುಕೊಂಡು ಮೇಜಿನ ಮುಂದೆ ನಿಂತಾಗ ಒಳಗಿನದು ಹಲ್ಲಿನಿಂದ ಹಿಡಿದೆಳೆದ ಹಾಗೆ ಎಳೆಯಿತು. "ನೀನಿಲ್ಲ," ಎಂದು ಅದಕ್ಕೆ ಹೇಳಿದಳು. ಇಲ್ಲದ್ದರ ಜೊತೆ ಮಾತಾಡುತ್ತಿದ್ದೇನಲ್ಲ ಎಂದು ನಗು ಬಂತು. ಆಮೇಲೆ ಹೆದರಿಕೆಯೂ ಆಯಿತು.

ಶಾಲೆ ತೆರೆಯುವ ದಿನ ಹತ್ತಿರವಾದಂತೆ ಹೊಲಿಗೆ ಕೋಣೆಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಒಂದು ಮಧ್ಯಾಹ್ನ ಕಟಿಂಗ್ ಮೆಷಿನ್ನಿನ ಅಲಗು ಸಾಣೆಗೆ ಹೋಗಿತ್ತು. ಸುಮ್ಮನೆ ಕೂರುವುದೇಕೆಂದು ಗೆರೆಯಕ್ಕ ಹೊಲಿಗೆ ಕೋಣೆಗೆ ಬಂದು, ಖಾಲಿಯಿದ್ದ ಯಂತ್ರದ ಮುಂದೆ ಕೂತು, ಪಕ್ಕದ ಬುಟ್ಟಿಯಿಂದ ಒಂದು ಕಟ್ಟು ಎತ್ತಿಕೊಂಡಳು. ಅಂಗಿಯ ಮುಂಭಾಗದ ತುಂಡನ್ನು ಬೆನ್ನಿನ ತುಂಡಿನ ಮೇಲಿಟ್ಟಳು. ಕೂಡಲಿಲ್ಲ. ತಿರುಗಿಸಿ ಇಟ್ಟಳು. ಆಗಲೂ ಕೂಡಲಿಲ್ಲ. ಒಂದು ಕಡೆಯ ಅಂಚು ಒಂದು ಬೆರಳಿನಷ್ಟು ಹೊರಗೆ ಚಾಚಿಕೊಂಡಿತ್ತು. ಇನ್ನೊಂದು ತೆಗೆದಳು. ಅದೂ ಹಾಗೇ.

"ಇದ್ಯಾರು ಕತ್ತರಿಸಿದ್ದು?" ಎಂದು ಬಾಯಿಗೆ ಬಂತು. ಕಟ್ಟಿನ ಮೇಲಿದ್ದ ಸೀಮೆಸುಣ್ಣದ ಗುರುತು ತನ್ನದೇ ಎಂದು ಕಂಡು ಮಾತು ಅಲ್ಲೇ ನಿಂತಿತು.

ಪಕ್ಕದ ಯಂತ್ರದಲ್ಲಿ, ಹೊಸದಾಗಿ ಸೇರಿದ್ದ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಇನ್ನೂ ಇಲ್ಲಿಯ ಒಳಮಾತು ಗೊತ್ತಿಲ್ಲದವಳು. "ಅದು ಕೆಳಗಿನ ಕಟ್ಟು ಅಕ್ಕ," ಎಂದಳು ಸಹಜವಾಗಿ. "ಕೆಳಗಿಂದು ಹೀಗೇ ವಾರೆ ಇರುತ್ತಲ್ಲ. ಜಾಸ್ತಿ ಇರೋದನ್ನ ಸವರಿ, ಕಮ್ಮಿ ಇರೋದನ್ನ ಚಿಕ್ಕ ಅಳತೆ ಅಂಗಿಗೆ ಹಾಕಿ ಹೊಲಿ ಅಂತ ಕಾಜಮ್ಮ ಹೇಳ್ಕೊಟ್ಟಿದಾರೆ. ಮೇಲಿಂದೆಲ್ಲ ಚೆನ್ನಾಗಿರುತ್ತೆ."

ಯಂತ್ರಗಳು ಒಂದೊಂದಾಗಿ ನಿಂತವು. ಗೆರೆಯಕ್ಕ ಬಗ್ಗಿ ನೋಡಿದಳು. ಯಂತ್ರಗಳ ಕೆಳಗೆ ಚಿಂದಿ ಹಾಕುವ ಚೀಲ. ಅದರಲ್ಲಿ ನೂಲಿನ ತುಣುಕುಗಳ ನಡುವೆ ಒಂದು ಬೆರಳಗಲದ ಪಟ್ಟಿಗಳು, ಸೌತೆಕಾಯಿಯ ಸಿಪ್ಪೆಯ ಹಾಗೆ ಸುರುಳಿಸುತ್ತಿಕೊಂಡು ಬಿದ್ದಿದ್ದವು.

"ಕಾಜಮ್ಮಾ," ಎಂದಳು. "ಎಷ್ಟು ದಿನದಿಂದ?"

ಕಾಜಮ್ಮ ಕನ್ನಡಕದವಳ ಕಡೆ ಒಮ್ಮೆ ದುರುಗುಟ್ಟಿ, ಆಮೇಲೆ ಎದ್ದು ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಅವಳನ್ನು ಕೂರಿಸಿದಳು.

"ಚಳಿ ಶುರುವಾದಾಗಿಂದ. ನೋವು ಬಂದ್ರೆ ನೀನು ಎಡಕ್ಕೆ ವಾಲ್ತೀಯ. ನಿನ್ನ ಜೊತೆ ಮೆಷಿನ್ನೂ ವಾಲುತ್ತೆ. ಮೇಲ್ಗಡೆ ಗೆರೆ ನೋಡ್ತಾ ಇರ್ತೀಯಲ್ಲ, ಅಲ್ಲಿ ತಪ್ಪಲ್ಲ. ಅಲಗಿನ ಬುಡ ಜಾರುತ್ತೆ. ನಿನಗೆ ಕಾಣಲ್ಲ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಮೇಜು ಬಿಟ್ಟು ಹೋಗ್ತಿದ್ದೆ. ಮೊದ್ಲೇ ಹೊಟ್ಟೆ ಹಿಡ್ಕೊಂಡು ಬರೋಳು. ಅದರ ಮೇಲೆ ಇದೊಂದು ಬೇರೆ ಯಾಕೆ ಅಂತ... ನಾವೆಲ್ಲ ಸೇರಿ ಸವರ್ಕೊಂಡ್ವಿ. ಏನು ಮಹಾ? ಒಂದು ಬೆರಳು."

ಒಂದು ಬೆರಳು. ಗೆರೆಯಕ್ಕನಿಗೆ ಅಳು ಬಂತೋ ಸಿಟ್ಟು ಬಂತೋ ಅವಳಿಗೇ ಗೊತ್ತಾಗಲಿಲ್ಲ. "ನೀವು ಒಳ್ಳೇದು ಮಾಡಿದ್ರಿ ಕಾಜಮ್ಮ. ಆದ್ರೆ ನನ್ನ ನೋವು ಸುಳ್ಳು ಅಂತ ನಾನೇ ನಂಬಿಬಿಟ್ಟಿದ್ದೆ. ಎಷ್ಟೇ ನೋವಿದ್ರೂ ಗೆರೆ ತಪ್ಪಿಲ್ಲ ಅಂತ ಡಾಕ್ಟರ ಮುಂದೆ ಹೆಮ್ಮೆಯಿಂದ ಹೇಳಿ ಬಂದೆ."

ಕಾಜಮ್ಮ ಇದನ್ನು ಯೋಚಿಸಿರಲಿಲ್ಲ. ಯಾರು ತಾನೇ ಯೋಚಿಸುತ್ತಾರೆ? "ಅಯ್ಯೋ ನನ್ನ ತಲೆಗಿಷ್ಟು," ಎಂದು ಹಣೆಗೆ ಕೈ ಹೊಡೆದುಕೊಂಡಳು. "ಸುಳ್ಳಾ? ನಿನಗೆ ಯಾವತ್ತು ಜೋರಿತ್ತು ಅಂತ ನಾವು ಬಟ್ಟೆ ನೋಡಿ ಹೇಳ್ತಿದ್ವಲ್ಲೇ! ಇವತ್ತು ಗೆರೆಯಕ್ಕನಿಗೆ ಜಾಸ್ತಿ ಇದೆ, ಯಾರೂ ಗಲಾಟೆ ಮಾಡ್ಬೇಡಿ ಅಂತ ಮಾತಾಡ್ಕೊಳ್ತಿದ್ವಿ."

ಗೆರೆಯಕ್ಕನ ತಲೆಯಲ್ಲಿ ಇನ್ನೊಂದು ಗಂಟು ಬಿತ್ತು. ಚಳಿ ಶುರುವಾದಾಗಿಂದ ಎಂದಳಲ್ಲ? ಅವಳು ನೋವಿದೆಯೆಂದು ಮೊದಲ ಸಲ ಬಾಯಿಬಿಟ್ಟದ್ದು ಚಳಿ ಮುಗಿದ ಮೇಲೆ. ಅದಕ್ಕೆ ಮೊದಲು ಇತ್ತೇ? ನೆನಪು ಮಾಡಿಕೊಳ್ಳಲು ನೋಡಿದಳು, ಸಿಗಲಿಲ್ಲ. ಅವಳಿಗೇ ತಿಳಿಯುವ ಮೊದಲು ಅವಳ ಮೈ ವಾಲಲು ಕಲಿತಿತ್ತು ಎಂದರೆ ಏನರ್ಥ? ನೋವು ಮೊದಲೋ ವಾಲಿದ್ದು ಮೊದಲೋ?

ಆ ಸಂಜೆ ಅವಳು ಒಂದೇ ಸಲಕ್ಕೆ ಕತ್ತರಿಸಿದ ಎರಡು ತುಂಡುಗಳನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು, ಮೇಲಿನದೊಂದು, ಕೆಳಗಿನದೊಂದು. ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ತೋರಿಸುವುದೆಂದರೆ ತನ್ನ ಗೆರೆ ತಪ್ಪಿದೆ ಎಂದು ಬಾಯಿಬಿಟ್ಟು ಹೇಳುವುದು. ಆ ಹೆಸರು ಬಿಟ್ಟರೆ ಅವಳಲ್ಲಿ ಹೇಳಿಕೊಳ್ಳುವಂಥದ್ದು ಬೇರೇನಿತ್ತು? ಡಾಕ್ಟರ ಬಳಿ ಹೋಗುವ ದಿನ ಬರುವವರೆಗೂ ಅವಳ ಮನಸ್ಸು ತಕ್ಕಡಿಯ ಹಾಗೆ ಓಲಾಡಿತು. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ನೋವು ಸುಳ್ಳಾಗುತ್ತದೆ. ಬಾಯಿಬಿಟ್ಟರೆ ನೋವು ನಿಜವಾಗುತ್ತದೆ, ಹೆಸರು ಹೋಗುತ್ತದೆ.

ಡಾಕ್ಟರು ಈ ಸಲವೂ ಕೈ ಉಜ್ಜಿಕೊಂಡರು. "ಹೇಗಿದೀರಮ್ಮ? ಹೋದ ಸಲ ಹೇಳಿದ ಹಾಗೆ, ಇಲ್ಲಿಗೆ ಸಾಕು ಮಾಡೋಣವಾ?"

"ಹ್ಞೂಂ ಡಾಕ್ಟ್ರೇ," ಎಂದು ಗಂಡನೇ ಹೇಳಹೊರಟ.

"ನಿಲ್ಲಿ," ಎಂದಳು ಗೆರೆಯಕ್ಕ. ಕೈಚೀಲ ತೆರೆದು ಎರಡು ತುಂಡುಗಳನ್ನೂ ಡಾಕ್ಟರ ಮೇಜಿನ ಮೇಲೆ ಹಾಸಿದಳು. "ಹೋದ ಸಲ ನಾನು ಹೇಳಿದ್ದು ತಪ್ಪು. ನನ್ನ ಗೆರೆ ತಪ್ಪಿದೆ. ಮೇಲ್ಗಡೆ ಅಲ್ಲ, ಕೆಳಗಡೆ. ಇವೆರಡೂ ಒಂದೇ ಆಗಿರ್ಬೇಕಿತ್ತು."

ಡಾಕ್ಟರು ಅರ್ಥವಾಗದೆ ಅವಳನ್ನು ನೋಡಿದರು. ಅವಳು ಎದ್ದು ನಿಂತು, ಅವರ ಮೇಜಿಗೇ ಎಡಗೈ ಊರಿ, ಹೇಗೆ ವಾಲುತ್ತಾಳೆಂದು ತೋರಿಸಿದಳು. ಅವರು ಆಗ ಒಂದರ ಮೇಲೊಂದು ಬಟ್ಟೆಯಿಟ್ಟು, ಹೊರಗೆ ಚಾಚಿದ ಅಂಚಿನ ಮೇಲೆ ತಮ್ಮ ಬೆರಳಿಟ್ಟು ನೋಡಿದರು.

"ಯಾವಾಗ್ಲೂ ಇದೇ ಕಡೆಗೇನಾ?"

"ಯಾವಾಗ್ಲೂ."

"ನೋವಿಲ್ಲ ಅಂದುಕೊಂಡ ದಿನ?"

"ಆಗ್ಲೂ ಸ್ವಲ್ಪ ವಾರೆ ಇರುತ್ತಂತೆ. ಹೊಲಿಯೋರು ಹೇಳಿದ್ರು."

ಡಾಕ್ಟರು ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. "ಇದೇನು ಅಂತ ನನಗೆ ಗೊತ್ತಿಲ್ಲಮ್ಮ," ಎಂದರು ಕೊನೆಗೆ. "ನಿಜ ಹೇಳ್ತೀನಿ, ಇದರಿಂದ ನನಗೆ ಇನ್ನೂ ಗೊಂದಲ ಆಯ್ತು. ಹೊಟ್ಟೆಯೊಳಗಿನದ್ದೋ, ಹೊಟ್ಟೆಯ ಮೇಲಿನ ಸ್ನಾಯುವಿನದ್ದೋ, ಬೆನ್ನಿಂದ ಬರ್ತಾ ಇದೆಯೋ, ಮೊದ್ಲಿಂದ ನೋಡ್ಬೇಕು. ಕೊನೇಗೂ ಏನೂ ಸಿಗದೇನೂ ಇರ್ಬಹುದು. ಆದ್ರೆ ಇಲ್ಲಿಗೆ ಸಾಕು ಅಂತ ನಾನಿನ್ನು ಹೇಳಲ್ಲ." ಪೆನ್ನು ಎತ್ತಿಕೊಂಡು, "ಅವತ್ತು ನಾನು ಕೇಳಿದ ಪ್ರಶ್ನೆ ಸರಿಯಿತ್ತು. ಉತ್ತರ ನಿಮ್ಮೊಬ್ಬರ ಹತ್ರ ಇರ್ಲಿಲ್ಲ, ಅಷ್ಟೇ," ಎಂದರು.

ಹೊರಗೆ ಬಂದಾಗ ಗಂಡನ ಕೈಯಲ್ಲಿ ಆ ಎರಡು ತುಂಡುಗಳಿದ್ದವು. ಯಾವಾಗ ಎತ್ತಿಕೊಂಡನೋ ಅವಳು ನೋಡಿರಲಿಲ್ಲ. ರಸ್ತೆ ಬದಿಯಲ್ಲಿ ನಿಂತು ಒಂದರ ಮೇಲೊಂದಿಟ್ಟು, ಬೀಗದ ಕೈಯ ಹಲ್ಲು ಪರೀಕ್ಷಿಸುವವನ ಹಾಗೆ ಬೆಳಕಿಗೆ ಹಿಡಿದು ನೋಡಿದ.

"ಇಷ್ಟಿತ್ತಾ?" ಎಂದ.

"ಎಷ್ಟಿತ್ತೋ ನನಗೂ ಗೊತ್ತಿಲ್ಲ ರೀ."

ಅವನು ಬಟ್ಟೆಗಳನ್ನು ಅಂದವಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಇಷ್ಟು ಹೊತ್ತು ಅವಳ ಬಲಕ್ಕೆ ನಡೆಯುತ್ತಿದ್ದವನು ಏನೂ ಹೇಳದೆ ಸುತ್ತಿ ಬಂದು ಎಡಕ್ಕೆ ನಿಂತು ತೋಳು ಕೊಟ್ಟ. ವಾಲುವುದಿದ್ದರೆ ಆ ಕಡೆಗಲ್ಲವೇ?

ಮರುದಿನ ಗೆರೆಯಕ್ಕ ಯಜಮಾನರ ಬಳಿ ಹೋಗಿ ತಾನಾಗಿಯೇ ವಿಷಯ ಹೇಳಿದಳು. ಅವರು ತಲೆ ಕೆರೆದುಕೊಂಡರು. "ಈ ಕೆಲಸಕ್ಕೆ ನಿನ್ನ ಬಿಟ್ರೆ ಬೇರೆ ಯಾರಿದಾರಮ್ಮ? ಪದರ ಕಮ್ಮಿ ಹಾಕು. ಹೊತ್ತು ಹಿಡಿದ್ರೆ ಹಿಡೀಲಿ," ಎಂದು ಕೈ ಬೀಸಿದರು. ಪೂರ್ತಿ ಸಮಾಧಾನದಿಂದ ಹೇಳಿದರೋ ಇಲ್ಲವೋ, ಅದೂ ಅವಳಿಗೆ ತಿಳಿಯಲಿಲ್ಲ.

ಅಂದು ತೆಳುವಾಗಿ ಬಟ್ಟೆ ಹಾಸಿದಳು. ಗೆರೆ ಎಳೆದಳು. ಮೆಷಿನ್ನು ಅರ್ಧ ದಾರಿಗೆ ಬಂದಾಗ ಒಳಗಿನದು ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ಎಡಗೈ ತಾನಾಗಿ ಮೇಜಿಗೆ ಹೋಯಿತು. ಗೆರೆ ಮುಗಿಸಿ ನಿಂತು, ಉಸಿರು ಬಿಟ್ಟು, ಬಹಳ ವರ್ಷಗಳ ಮೇಲೆ ಮೊದಲ ಸಲ ಬಗ್ಗಿ ಎಲ್ಲಕ್ಕಿಂತ ಕೆಳಗಿನ ತುಂಡನ್ನು ಎಳೆದು ಅಚ್ಚಿನ ಮೇಲಿಟ್ಟಳು.

ಸರಿಯಾಗಿ ಕೂತಿತು. ನೂಲೆಳೆಯಷ್ಟೂ ಆಚೀಚೆ ಇಲ್ಲ.

ಅವಳು ಆ ತುಂಡನ್ನು ಹಿಡಿದುಕೊಂಡು ನಿಂತೇ ಇದ್ದಳು. ಸಂತೋಷಪಡಬೇಕೇ? ಹಾಗಾದರೆ ಈಗ ಹಿಡಿದದ್ದು ಏನು? ಡಾಕ್ಟರಿಗೆ ಏನು ಹೇಳುವುದು?

ಕಟ್ಟು ಒಯ್ಯಲು ಬಂದ ಕಾಜಮ್ಮ ಅವಳ ಮುಖ ನೋಡಿ ಗಾಬರಿಯಾದಳು. "ಏನಾಯ್ತೇ? ಮತ್ತೆ ವಾರೆ ಹೋಯ್ತಾ?"

"ಇಲ್ಲ. ನೆಟ್ಟಗಿದೆ."

"ನೋವು?"

"ನೋವೂ ಇದೆ."

ಕಾಜಮ್ಮ ತುಂಡನ್ನು ನೋಡಿದಳು, ಅವಳನ್ನು ನೋಡಿದಳು. ಅರ್ಥವಾದ ಹಾಗೆ ಕಾಣಲಿಲ್ಲ. "ಇದೆ ಅಂತ ನೀನು ಹೇಳಿದ್ಯಲ್ಲ, ಸಾಕು ಬಿಡು. ಬಟ್ಟೆನ ಕೇಳೋದು ಯಾಕೆ?" ಎಂದಳು. ಮೇಜಿನ ಅಂಚಿನಲ್ಲಿ ಸಡಿಲಾಗಿದ್ದ ಬಟ್ಟೆಯ ಮಡಿಕೆಯನ್ನು ಬಿಚ್ಚಿ ಬಿಗಿಯಾಗಿ ಕಟ್ಟಿದಳು. "ಸ್ವಲ್ಪ ಹೊತ್ತು ಕೂತ್ಕೋ. ಕಟ್ಟು ಇಲ್ಲಿ ಕೊಡು, ಅವ್ರೆಲ್ಲ ಕೈ ಖಾಲಿ ಇಟ್ಕೊಂಡು ಹರಟೆ ಹೊಡೀತಾ ಇದಾರೆ."

ಗೆರೆಯಕ್ಕ ಕಟ್ಟು ಕೊಟ್ಟಳು. ಆಮೇಲೆ ಬೆಂಚಿನ ಮೇಲೆ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಈ ಸಲ ಒತ್ತಿ ನೋಡಲಿಲ್ಲ.